ನಾಚಿಕೆಯನ್ನು ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಸರಿಯಾಗಿ ಹೇಳುವ ಬಗೆ

ಸ್ಪ್ಯಾನಿಷ್ ಕಲಿಯುತ್ತಿರುವ ಕನ್ನಡಿಗರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಐ ಆಮ್ ಎಂಬ್ಯಾರಸ್ಡ್" ಎಂಬುದನ್ನು ಸ್ಪ್ಯಾನಿಷಿನಲ್ಲಿ ಹೇಗೆ ಹೇಳಬೇಕು? ಕೇಳುವವರಲ್ಲಿ ಮೆಕ್ಸಿಕೊ, ಕೊಲಂಬಿಯಾಗಳ ಗ್ರಾಹಕರೊಡನೆ ದಿನವೂ ಫೋನಿನಲ್ಲಿ ಮಾತನಾಡುವ ಬೆಂಗಳೂರಿನ ಉದ್ಯೋಗಿಗಳಿದ್ದಾರೆ, ಓದಲೆಂದು ಸ್ಪೇನಿಗೆ ಹೊರಟ ವಿದ್ಯಾರ್ಥಿಗಳಿದ್ದಾರೆ, ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿ ನೆರೆಮನೆಯವರ ಜೊತೆ ನಾಲ್ಕು ಮಾತಾಡಬೇಕೆನ್ನುವವರಿದ್ದಾರೆ. ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ: ಇಂಗ್ಲಿಷಿನಲ್ಲೇ "ಅಶೇಮ್ಡ್" ಎಲ್ಲಿ ಬಳಸಬೇಕು, "ಎಂಬ್ಯಾರಸ್ಡ್" ಎಲ್ಲಿ, "ಶೈ" ಎಲ್ಲಿ?

ಮೊದಲ ಪ್ರಶ್ನೆಯನ್ನು ಕೇಳುವ ರೀತಿಯಲ್ಲಿಯೇ ತೊಡಕಿದೆ. ಕನ್ನಡದಲ್ಲಿ ಹುಟ್ಟಿದ ಭಾವವನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಸ್ಪ್ಯಾನಿಷಿಗೆ ದಾಟಿಸಲು ಹೊರಟರೆ ದಾರಿಯೂ ದೂರವಾಗುತ್ತದೆ, ನಡುವೆ ಬೀಳಲು ಗುಂಡಿಗಳೂ ಹೆಚ್ಚು. ನಾಚಿಕೆಯ ಮಟ್ಟಿಗೆ ಸ್ಪ್ಯಾನಿಷ್ ವಾಕ್ಯದ ಕಟ್ಟು ಇಂಗ್ಲಿಷಿಗಿಂತ ಕನ್ನಡಕ್ಕೇ ಹತ್ತಿರವಾಗಿದೆ. ಆದ್ದರಿಂದ ಎರಡು ಭಾಷೆಗಳಿಗೂ ಕನ್ನಡದಿಂದಲೇ ಬೇರೆ ಬೇರೆಯಾಗಿ ಹೊರಡಿ ಎಂಬುದು ನನ್ನ ಸಲಹೆ. ಆ ದಾರಿಯನ್ನು ಹಂತ ಹಂತವಾಗಿ ಕೆಳಗೆ ಕೊಟ್ಟಿದ್ದೇನೆ.

ಮೊದಲು ಬೇಕಾದದ್ದು

ಒಂದು ನೋಟುಪುಸ್ತಕ ಸಾಕು. ಪುಟವನ್ನು ಮೂರು ಅಂಕಣಗಳಾಗಿ ಗೆರೆ ಎಳೆದು, ಎಡಕ್ಕೆ ಕನ್ನಡ, ನಡುವೆ ಇಂಗ್ಲಿಷ್, ಬಲಕ್ಕೆ ಸ್ಪ್ಯಾನಿಷ್ ಎಂದು ಇಟ್ಟುಕೊಳ್ಳಿ. ಯಾವಾಗಲೂ ಎಡದ ಅಂಕಣವನ್ನೇ ಮೊದಲು ತುಂಬಿಸಬೇಕು. ಇದಲ್ಲದೆ ನೀವು ಮಾತನಾಡುವ ವ್ಯಕ್ತಿ ಯಾವ ದೇಶದವರೆಂದು ತಿಳಿದಿರಬೇಕು. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಮುಜುಗರದ ಮಾತು ಆ ದೇಶಗಳಲ್ಲೆಲ್ಲ ಒಂದೇ ಆಗಿಲ್ಲ.

ಉಚ್ಚಾರಣೆಯ ಬಗ್ಗೆಯೂ ಒಂದು ಮಾತು. ಸ್ಪ್ಯಾನಿಷ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೇಳಿಸುವಂತೆಯೇ ಬರೆದಿದ್ದೇನೆ. ಅದರ ತಕಾರ, ದಕಾರಗಳು ನಮ್ಮ ತಕಾರ, ದಕಾರಗಳೇ, ನಾಲಿಗೆ ಹಲ್ಲಿಗೆ ತಾಗುತ್ತದೆ. ಇಂಗ್ಲಿಷಿನವರಿಗೆ ಕಷ್ಟವಾಗುವ ಈ ಧ್ವನಿಗಳು ನಮಗೆ ಹುಟ್ಟಿನಿಂದಲೇ ಬಂದಿವೆ. ನಾಚಿಕೆಗೆ ಸ್ಪ್ಯಾನಿಷಿನ ಮುಖ್ಯ ಪದ "ಬೆರ್ಗ್ವೆನ್ಸಾ". ಬರೆಯುವಾಗ ಇದು "ವಿ" ಅಕ್ಷರದಿಂದ ಶುರುವಾದರೂ ನುಡಿಯುವಾಗ ಬಕಾರವೇ ಕೇಳಿಸುತ್ತದೆ. ನಡುವಿನ "ಯು" ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿಗಳಿರಬೇಕು. ಆ ಚುಕ್ಕಿಗಳಿಲ್ಲದಿದ್ದರೆ ಓದುವವರು ಅದನ್ನು "ಬೆರ್ಗೆನ್ಸಾ" ಎಂದು ಓದಬೇಕಾಗುತ್ತದೆ. ಫೋನಿನ ಕೀಲಿಮಣೆಯಲ್ಲಿ ಆ ಅಕ್ಷರವನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಚುಕ್ಕಿಯುಳ್ಳ ರೂಪ ಸಿಗುತ್ತದೆ. ಕೊನೆಯ ಧ್ವನಿಯನ್ನು ಲ್ಯಾಟಿನ್ ಅಮೆರಿಕದವರು ಸಕಾರವಾಗಿ ನುಡಿಯುತ್ತಾರೆ. ಸ್ಪೇನಿನ ಬಹುಭಾಗದಲ್ಲಿ ಅದು ಇಂಗ್ಲಿಷಿನ "ಥ್ಯಾಂಕ್" ಪದದ ಮೊದಲ ಧ್ವನಿಯಂತೆ, ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂದು, ಗಾಳಿ ಸೋರಿದಂತೆ ಕೇಳಿಸುತ್ತದೆ. ನಮ್ಮ ಥಕಾರವನ್ನು ಅಲ್ಲಿ ಒತ್ತಿ ನುಡಿಯಬಾರದು.

1. ನಿಮ್ಮ ನಾಚಿಕೆ ಯಾವುದೆಂದು ಕನ್ನಡದಲ್ಲೇ ಗೊತ್ತುಮಾಡಿಕೊಳ್ಳಿ

"ನಾಚಿಕೆ" ನಮ್ಮಲ್ಲಿ ಬಹಳ ಅಗಲವಾದ ಮಾತು. ಹಸೆಮಣೆಯ ಮೇಲೆ ಕುಳಿತ ಮದುಮಗಳದ್ದೂ ನಾಚಿಕೆ, ಲಂಚ ತೆಗೆದುಕೊಂಡು ಸಿಕ್ಕಿಬಿದ್ದವನಿಗೆ ಆಗಬೇಕಾದದ್ದೂ ನಾಚಿಕೆ. ಮಾತನಾಡುವಾಗ ನಮಗೆ ಗೊಂದಲವಾಗದಿದ್ದರೂ ಬೇರೆ ಭಾಷೆಗೆ ಹೋಗುವ ಮುಂಚೆ ಈ ಒಂದು ಪದವನ್ನು ಬಿಡಿಸಿಕೊಳ್ಳಬೇಕು.

ಸಭೆಯೊಂದರಲ್ಲಿ ಅತಿಥಿಯನ್ನು ಪರಿಚಯಿಸಲು ಎದ್ದು ನಿಂತ ನೀವು, ಮೈಕಿನ ಮುಂದೆ ಅವರ ಹೆಸರನ್ನೇ ಮರೆತಿರಿ ಎಂದುಕೊಳ್ಳಿ. ಕಿವಿ ಬಿಸಿಯಾಗುತ್ತದೆ, ಕೈಯ ಚೀಟಿಯಲ್ಲಿ ಅಕ್ಷರಗಳು ಕಾಣಿಸುವುದಿಲ್ಲ, ಮುಂದಿನ ಸಾಲಿನವರು ಮೆಲ್ಲಗೆ ಹೆಸರನ್ನು ಹೇಳಿಕೊಡುತ್ತಾರೆ. ಇದು ಮುಜುಗರ. ಯಾರೂ ನೋಡದಿದ್ದರೆ ಇದು ಹುಟ್ಟುತ್ತಲೇ ಇರಲಿಲ್ಲ, ಮನೆಗೆ ಹೋಗಿ ಉಂಡು ಮಲಗಿದರೆ ಅರ್ಧ ಕರಗಿಯೂ ಹೋಗುತ್ತದೆ. ಈಗ ಇನ್ನೊಂದನ್ನು ನೋಡಿ: ಗೆಳೆಯನಿಂದ 5,000 ರೂಪಾಯಿ ಸಾಲ ಪಡೆದು, ಕೈಯಲ್ಲಿ ಹಣ ಓಡಾಡುತ್ತಿದ್ದರೂ 2 ವರ್ಷ ಕೊಡದೆ ತಪ್ಪಿಸಿಕೊಂಡು ತಿರುಗಿದಿರಿ. ಇದು ಯಾರಿಗೂ ತಿಳಿಯದಿದ್ದರೂ ಒಬ್ಬರೇ ಇದ್ದಾಗ ಒಳಗೆ ಕುಟುಕುತ್ತದೆ. ಇದು ತಲೆತಗ್ಗಿಸುವ ನಾಚಿಕೆ. ಸಂಬಳ ಹೆಚ್ಚಿಸಿ ಎಂದು ಕೇಳಲು ಹೋಗಿ ಬಾಗಿಲಲ್ಲೇ ನಿಲ್ಲುವುದು ಸಂಕೋಚ. ಅಲ್ಲಿ ಇನ್ನೂ ಏನೂ ನಡೆದಿಲ್ಲ. ಮತ್ತೊಬ್ಬರು ಹತ್ತು ಜನರ ಮುಂದೆ ನಿಮ್ಮನ್ನು ಹೀಯಾಳಿಸಿದರೆ ಅದು ಅವಮಾನ. ಅಲ್ಲಿ ತಪ್ಪು ನಿಮ್ಮದಲ್ಲ.

ನಿಮ್ಮ ವಾಕ್ಯ ಈ ನಾಲ್ಕರಲ್ಲಿ ಯಾವುದು ಎಂದು ಎಡ ಅಂಕಣದಲ್ಲಿ ಬರೆದುಕೊಳ್ಳಿ. ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ.

2. ಇಂಗ್ಲಿಷಿನ ಪದವನ್ನು ಆರಿಸಿ

ಮುಜುಗರಕ್ಕೆ "ಎಂಬ್ಯಾರಸ್ಡ್", ತಲೆತಗ್ಗಿಸುವ ನಾಚಿಕೆಗೆ "ಅಶೇಮ್ಡ್", ಅವಮಾನಕ್ಕೆ "ಹ್ಯುಮಿಲಿಯೇಟೆಡ್". ಸಭೆಯಲ್ಲಿ ಹೆಸರು ಮರೆತದ್ದಕ್ಕೆ "ಐ ವಾಸ್ ಸೋ ಎಂಬ್ಯಾರಸ್ಡ್" ಎನ್ನಬೇಕು. ಅಲ್ಲಿ "ಅಶೇಮ್ಡ್" ಎಂದರೆ ಕೇಳಿದವರು ನೀವು ಏನೋ ದೊಡ್ಡ ತಪ್ಪು ಮಾಡಿದ್ದೀರಿ ಎಂದುಕೊಳ್ಳುತ್ತಾರೆ. ಸಾಲದ ವಿಷಯಕ್ಕೆ "ಐ ಆಮ್ ಅಶೇಮ್ಡ್ ಆಫ್ ಮೈಸೆಲ್ಫ್" ಎನ್ನಬೇಕು. ಅಲ್ಲಿ "ಎಂಬ್ಯಾರಸ್ಡ್" ಎಂದರೆ ತಪ್ಪಿನ ತೂಕವನ್ನು ಕಡಿಮೆ ಮಾಡಿದಂತಾಗುತ್ತದೆ, ಗೆಳೆಯನಿಗೆ ಅದು ಹಗುರಾದ ಮಾತಾಗಿ ಕೇಳಿಸಬಹುದು. ಈ ಎರಡರ ನಡುವಿನ ಅಂತರವನ್ನು ಇಂಗ್ಲಿಷಿನವರು ಬಹಳ ಗಮನಿಸುತ್ತಾರೆ. ನಮ್ಮಲ್ಲಿ ದನಿ, ಮುಖಭಾವಗಳಿಂದ ತಿಳಿಸುವುದನ್ನು ಅಲ್ಲಿ ಪದವೇ ತಿಳಿಸಬೇಕಾಗುತ್ತದೆ.

ಸಂಕೋಚದ ವಿಷಯ ಸ್ವಲ್ಪ ಬೇರೆ. "ಐ ಆಮ್ ಫೀಲಿಂಗ್ ಶೈ ಟು ಆಸ್ಕ್" ಎಂದು ನಾವು ಹೇಳುವುದು ಕನ್ನಡದ "ಕೇಳಲು ಸಂಕೋಚ" ಎಂಬುದರ ನೇರ ರೂಪ. "ಶೈ" ಎಂಬುದು ಮುಖ್ಯವಾಗಿ ಸ್ವಭಾವದ ಮಾತು, ಹೊಸಬರ ಮುಂದೆ ಬಾಯಿ ಬಿಡದ ಮಗುವಿಗೆ ಹೇಳುವಂಥದ್ದು. ಸಂಬಳದ ವಿಷಯಕ್ಕೆ "ಐ ಫೀಲ್ ಆಕ್ವರ್ಡ್ ಆಸ್ಕಿಂಗ್" ಎಂದರೆ ಸಹಜವಾಗಿರುತ್ತದೆ. ಇಂಗ್ಲಿಷ್ ಮಾತನಾಡಲು ಹಿಂಜರಿಕೆ ಎನ್ನಬೇಕಾದಾಗ "ಐ ಆಮ್ ಸೆಲ್ಫ್-ಕಾನ್ಶಸ್ ಅಬೌಟ್ ಮೈ ಇಂಗ್ಲಿಷ್" ಎನ್ನಿ. ಎಲ್ಲರೂ ನನ್ನನ್ನೇ ಗಮನಿಸುತ್ತಿದ್ದಾರೆ ಎಂಬ ಅಳುಕು ಆ ಮಾತಿನಲ್ಲಿದೆ.

ಈ ಹಂತದಲ್ಲಿ ನಮ್ಮವರು ಎಡವುವ ಜಾಗಗಳು ಹಲವು.

"ನನಗೆ ಇನ್ಸಲ್ಟ್ ಆಯಿತು" ಎಂಬ ಕನ್ನಡದ ಮಾತನ್ನು "ಐ ಗಾಟ್ ಇನ್ಸಲ್ಟೆಡ್" ಎಂದು ತಿರುಗಿಸಿದರೆ, ಯಾರೋ ನಿಮ್ಮನ್ನು ಬಾಯಿಬಿಟ್ಟು ಬೈದರು ಎಂದು ಅರ್ಥವಾಗುತ್ತದೆ. ಕರೆದವರು ಗಮನಿಸದೆ ಹೋದುದರಿಂದ ನಿಮಗೆ ಮುಖಭಂಗವಾಗಿದ್ದರೆ "ಐ ಫೆಲ್ಟ್ ಹ್ಯುಮಿಲಿಯೇಟೆಡ್" ಎನ್ನಬೇಕು. ಬೈಗುಳ ಇನ್ನೊಬ್ಬರ ಬಾಯಿಯಲ್ಲಿದೆ, ನೋವು ನಿಮ್ಮಲ್ಲಿದೆ. ಇಂಗ್ಲಿಷ್ ಇವೆರಡಕ್ಕೂ ಬೇರೆ ಪದ ಇಟ್ಟುಕೊಂಡಿದೆ.

"ಎಂಬ್ಯಾರಸ್ಡ್" ಆಗುವುದು ಮನುಷ್ಯ, "ಎಂಬ್ಯಾರಸಿಂಗ್" ಆಗುವುದು ಸಂದರ್ಭ. "ಐ ಆಮ್ ಎಂಬ್ಯಾರಸಿಂಗ್" ಎಂದರೆ ನನ್ನಿಂದ ಇತರರಿಗೆ ಮುಜುಗರವಾಗುತ್ತದೆ ಎಂದಾಗಿಬಿಡುತ್ತದೆ. ಹಾಗೆಯೇ "ಅಶೇಮ್ಡ್" ಮನುಷ್ಯನಿಗೆ, "ಶೇಮ್‌ಫುಲ್" ಅವನ ಕೃತ್ಯಕ್ಕೆ. "ಅಶೇಮ್ಡ್" ಪದವನ್ನು ನಾಮಪದದ ಮುಂದೆ ಇಡುವ ರೂಢಿ ಇಂಗ್ಲಿಷಿನಲ್ಲಿಲ್ಲ. "ಆ್ಯನ್ ಅಶೇಮ್ಡ್ ಮ್ಯಾನ್" ಎನ್ನದೆ "ದ ಮ್ಯಾನ್ ವಾಸ್ ಅಶೇಮ್ಡ್" ಎನ್ನುತ್ತಾರೆ. ಜೊತೆಗೆ ಬರುವ ಸಣ್ಣ ಪದಗಳೂ ಬೇರೆ ಬೇರೆ: "ಅಶೇಮ್ಡ್" ಜೊತೆಗೆ "ಆಫ್", "ಎಂಬ್ಯಾರಸ್ಡ್" ಜೊತೆಗೆ "ಅಬೌಟ್" ಅಥವಾ "ಬೈ". ಬರೆಯುವಾಗ "ಎಂಬ್ಯಾರಸ್" ಪದದಲ್ಲಿ "ಆರ್" ಎರಡು ಬಾರಿ, "ಎಸ್" ಎರಡು ಬಾರಿ ಬರುತ್ತದೆ. ನುಡಿಯುವಾಗ ಒತ್ತು "ಬ್ಯಾ" ಎಂಬಲ್ಲಿ ಬೀಳಬೇಕು, ಕೊನೆಯ ಡಕಾರ ಟಕಾರವಾಗಿ ಕೇಳಿಸಬೇಕು.

ಇವೆಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು "ಇಟ್ಸ್ ಅ ಶೇಮ್" ಎಂಬ ಮಾತು. "ಇಟ್ಸ್ ಅ ಶೇಮ್ ಯು ಕುಡಂಟ್ ಕಮ್" ಎಂದು ಇಂಗ್ಲಿಷಿನವರು ಹೇಳಿದರೆ "ನೀವು ಬರಲಾಗಲಿಲ್ಲವಲ್ಲ, ಛೇ" ಎಂದಷ್ಟೇ ಅರ್ಥ. ಅಲ್ಲಿ ನಾಚಿಕೆಯೂ ಇಲ್ಲ, ಆಕ್ಷೇಪಣೆಯೂ ಇಲ್ಲ. ಇದನ್ನು ಬೈಗುಳವೆಂದು ತಿಳಿದು ಮನಸ್ಸು ಕೆಡಿಸಿಕೊಂಡವರನ್ನು ನಾನು ಬಲ್ಲೆ. "ಶೇಮ್ ಆನ್ ಯು" ಎಂಬುದು ಮಾತ್ರ ನಿಜಕ್ಕೂ ಛೀಮಾರಿ. ಮಕ್ಕಳಾಟದಲ್ಲಿ "ಶೇಮ್ ಶೇಮ್" ಎಂದು ಕೂಗಿ ಬೆಳೆದ ನಮಗೆ ಅದರ ಕಟುತ್ವ ಬೇಗ ತಿಳಿಯುವುದಿಲ್ಲ, ಸಹೋದ್ಯೋಗಿಗಳ ಜೊತೆ ಸಲಿಗೆಯಿಂದಲೂ ಅದನ್ನು ಬಳಸದಿರುವುದು ಒಳ್ಳೆಯದು.

3. ಸ್ಪ್ಯಾನಿಷಿಗೆ ಕನ್ನಡದಿಂದ ನೇರವಾಗಿ ಹೋಗಿ

ಈಗ ಇಂಗ್ಲಿಷಿನ ಅಂಕಣವನ್ನು ಕೈಯಿಂದ ಮುಚ್ಚಿಕೊಂಡು ಎಡದ ಅಂಕಣವನ್ನೇ ನೋಡಿ. "ನನಗೆ ನಾಚಿಕೆಯಾಗುತ್ತದೆ" ಎಂದು ನೀವು ಬರೆದಿದ್ದೀರಿ. ಈ ವಾಕ್ಯದಲ್ಲಿ "ನಾನು" ಇಲ್ಲ, "ನನಗೆ" ಇದೆ. ನಾಚಿಕೆ ನಾನು ಮಾಡುವ ಕೆಲಸವಲ್ಲ, ನನಗೆ ಬಂದು ತಟ್ಟುವಂಥದ್ದು. ವ್ಯಾಕರಣದಲ್ಲಿ ಇದನ್ನು ಚತುರ್ಥಿ ವಿಭಕ್ತಿ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇದು "ಐ ಆಮ್" ಎಂದು ಕರ್ತೃವಿನ ಮೇಲೆ ಕುಳಿತುಬಿಡುತ್ತದೆ. ಸ್ಪ್ಯಾನಿಷಿನಲ್ಲಿಯೋ, "ಮೆ ದಾ ಬೆರ್ಗ್ವೆನ್ಸಾ". "ಮೆ" ಎಂದರೆ ನನಗೆ, "ದಾ" ಎಂದರೆ ಕೊಡುತ್ತದೆ, "ಬೆರ್ಗ್ವೆನ್ಸಾ" ಎಂದರೆ ನಾಚಿಕೆ. ನನಗೆ ಅದು ನಾಚಿಕೆ ಕೊಡುತ್ತದೆ, ಅಂದರೆ ನನಗೆ ನಾಚಿಕೆಯಾಗುತ್ತದೆ. "ನನಗೆ" ಎಂಬುದು ಕನ್ನಡದಲ್ಲಿದ್ದ ಜಾಗದಲ್ಲೇ, ವಾಕ್ಯದ ಮೊದಲಲ್ಲೇ, ಹಾಗೆಯೇ ಉಳಿದಿದೆ.

"ನನಗೆ" ಬದಲಾದರೆ "ಮೆ" ಬದಲಾಗುತ್ತದೆ. ನಿನಗೆ ಎನ್ನಲು "ತೆ", ಅವನಿಗೆ ಅಥವಾ ಅವಳಿಗೆ ಎನ್ನಲು "ಲೆ", ನಮಗೆ ಎನ್ನಲು "ನೋಸ್", ಅವರಿಗೆ ಎನ್ನಲು "ಲೆಸ್". ಗೌರವದ ಏಕವಚನದ "ನಿಮಗೆ" ಎಂಬುದಕ್ಕೂ "ಲೆ" ಬರುತ್ತದೆ. ಸಲಿಗೆಯ ಬಹುವಚನಕ್ಕೆ "ಓಸ್" ಎಂಬುದೊಂದಿದೆ, ಅದು ಸ್ಪೇನಿನಲ್ಲಿ ಮಾತ್ರ. ಕಾಲವೂ ಸುಲಭ: "ಮೆ ದಿಯೋ ಬೆರ್ಗ್ವೆನ್ಸಾ" ಎಂದರೆ ನಾಚಿಕೆಯಾಯಿತು, "ಮೆ ದಾಬಾ ಬೆರ್ಗ್ವೆನ್ಸಾ" ಎಂದರೆ ನಾಚಿಕೆಯಾಗುತ್ತಿತ್ತು. ಒಮ್ಮೆ ಆಗಿ ಮುಗಿದದ್ದಕ್ಕೂ ಹಿಂದೆ ಆಗುತ್ತಿದ್ದದ್ದಕ್ಕೂ ನಾವು ಮಾಡುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಇನ್ನು "ಮಾತನಾಡಲು ನಾಚಿಕೆಯಾಗುತ್ತದೆ" ಎನ್ನಬೇಕಾದರೆ "ಮೆ ದಾ ಬೆರ್ಗ್ವೆನ್ಸಾ ಅಬ್ಲಾರ್". "ಅಬ್ಲಾರ್" ಎಂದರೆ ಮಾತನಾಡಲು. ನಡುವೆ ಬೇರೆ ಪದವನ್ನು ಸೇರಿಸುವ ಅಗತ್ಯವಿಲ್ಲ. ನಮ್ಮ "ಅಲು" ಪ್ರತ್ಯಯದ ಕ್ರಿಯಾಪದವನ್ನು ನಾಚಿಕೆಯ ಪಕ್ಕದಲ್ಲಿ ಇಟ್ಟಂತೆಯೇ ಇಟ್ಟರೆ ಆಯಿತು. ಹಾಡಲು ಎಂದರೆ "ಕಾಂತಾರ್", ಪ್ರಶ್ನೆ ಕೇಳಲು ಎಂದರೆ "ಪ್ರೆಗುಂತಾರ್", ಹೀಗೆ ಬೇಕಾದ್ದನ್ನು ಜೋಡಿಸುತ್ತಾ ಹೋಗಬಹುದು. "ನಿನಗೆ ನಾಚಿಕೆಯಾಗುವುದಿಲ್ಲವೇ?" ಎಂಬ ನಮ್ಮ ಮನೆಮನೆಯ ಮಾತು "ನೋ ತೆ ದಾ ಬೆರ್ಗ್ವೆನ್ಸಾ?" ಎಂದು ಪದಕ್ಕೆ ಪದ ಕೂತುಕೊಳ್ಳುತ್ತದೆ. ಇದನ್ನು ಹೇಳಿಕೊಟ್ಟಾಗ ಕಲಿಯುವವರ ಮುಖದಲ್ಲಿ ಮೂಡುವ ನಿರಾಳವನ್ನು ನೋಡುವುದೇ ನನಗೊಂದು ಸಂತೋಷ.

ಎಚ್ಚರ ವಹಿಸಬೇಕಾದ ಕಡೆಗಳೂ ಇವೆ. "ತುಂಬಾ ನಾಚಿಕೆ" ಎನ್ನುವಾಗ "ಮುಯ್ ಬೆರ್ಗ್ವೆನ್ಸಾ" ಎನ್ನಬಾರದು. ಬೆರ್ಗ್ವೆನ್ಸಾ ನಾಮಪದ, ಅದರ ಮುಂದೆ "ಮೂಚಾ" ಬರಬೇಕು: "ಮೆ ದಾ ಮೂಚಾ ಬೆರ್ಗ್ವೆನ್ಸಾ". ನಾಚಿಕೆ ತರುವ ಸಂಗತಿಗಳು ಹಲವಾದರೆ "ದಾ" ಎಂಬುದು "ದಾನ್" ಆಗುತ್ತದೆ: "ಮೆ ದಾನ್ ಬೆರ್ಗ್ವೆನ್ಸಾ ಮಿಸ್ ಎರ್ರೋರೆಸ್", ನನ್ನ ತಪ್ಪುಗಳ ಬಗ್ಗೆ ನನಗೆ ನಾಚಿಕೆಯಾಗುತ್ತದೆ. ಇನ್ನೊಬ್ಬರು ಮಾಡುವುದರಿಂದ ನಿಮಗೆ ನಾಚಿಕೆಯಾದರೆ "ಕೆ" ಎಂಬ ಪದ ಬಂದು, ಮುಂದಿನ ಕ್ರಿಯಾಪದ ಸಬ್‌ಜಂಕ್ಟಿವ್ ರೂಪಕ್ಕೆ ತಿರುಗುತ್ತದೆ. ಆಸೆ, ಭಯ, ನಾಚಿಕೆಯಂಥ ಭಾವಗಳ ಹಿಂದೆ ಬರುವ ಕ್ರಿಯಾರೂಪಕ್ಕೆ ಈ ಹೆಸರು. "ಮೆ ದಾ ಬೆರ್ಗ್ವೆನ್ಸಾ ಕೆ ಮೆ ಬೆಆನ್ ಅಸಿ", ನನ್ನನ್ನು ಹೀಗೆ ನೋಡುತ್ತಾರೆಂದು ನನಗೆ ನಾಚಿಕೆ. ಮತ್ತು ಕನ್ನಡದ ಎಲ್ಲ "ನನಗೆ" ವಾಕ್ಯಗಳೂ ಈ ಅಚ್ಚಿಗೆ ಬರುತ್ತವೆಂದು ತಿಳಿಯಬೇಡಿ. "ನನಗೆ ಹಸಿವಾಗಿದೆ" ಎಂಬುದಕ್ಕೆ "ತೆಂಗೊ ಆಂಬ್ರೆ", ಅಂದರೆ "ಹಸಿವನ್ನು ಹೊಂದಿದ್ದೇನೆ" ಎಂದೇ ಹೇಳಬೇಕು.

4. "ಎಂಬರಸಾದಾ" ಎಂಬ ಪದವನ್ನು ಮುಟ್ಟಬೇಡಿ

ಇಂಗ್ಲಿಷಿನ ಮೂಲಕ ಸ್ಪ್ಯಾನಿಷಿಗೆ ಹೋಗುವವರು ಬೀಳುವ ಅತಿ ದೊಡ್ಡ ಗುಂಡಿ ಇದು. "ಎಂಬ್ಯಾರಸ್ಡ್" ಎಂಬುದಕ್ಕೆ ಹತ್ತಿರವಾಗಿ ಕೇಳಿಸುತ್ತದೆಂದು ಮಹಿಳೆಯೊಬ್ಬರು "ಎಸ್ತೊಯ್ ಎಂಬರಸಾದಾ" ಎಂದರೆ, ಕೇಳಿದವರು ಅಭಿನಂದನೆ ಹೇಳುತ್ತಾರೆ, ಏಕೆಂದರೆ ಅದರ ಅರ್ಥ "ನಾನು ಗರ್ಭಿಣಿ". ಗ್ರಾಹಕರ ಜೊತೆ ಫೋನಿನಲ್ಲಿ ಇದನ್ನು ಹೇಳಿ, ಮಾತು ಎಲ್ಲಿಗೆ ಹೋಯಿತೆಂದು ತಿಳಿಯದೆ ತೊಳಲಾಡಿದವರು ನನಗೆ ಬರೆದಿದ್ದಾರೆ.

ಎರಡೂ ಪದಗಳು ಹುಟ್ಟಿನಿಂದ ನೆಂಟರೇ. ಅಡ್ಡಿ ಮಾಡು, ತೊಡಕು ಹಾಕು ಎಂಬ ಹಳೆಯ ಅರ್ಥದ, ಐಬೀರಿಯದ ಅಂದರೆ ಸ್ಪೇನ್-ಪೋರ್ಚುಗಲ್ ಸೀಮೆಯ ಪದವೊಂದು ಫ್ರೆಂಚಿನ ಮೂಲಕ 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಅಲ್ಲಿ ಅಡ್ಡಿಯಿಂದ ಗಲಿಬಿಲಿ, ಗಲಿಬಿಲಿಯಿಂದ ಮುಜುಗರ ಎಂದು ಅರ್ಥ ಸರಿಯಿತು. ಸ್ಪ್ಯಾನಿಷಿನಲ್ಲಿ ಅದೇ ಪದದ ಅರ್ಥ ಬಸಿರಿನ ಕಡೆಗೆ ಸರಿಯಿತು. ಹೀಗೆ ಕೇಳಲು ಒಂದೇ ಆಗಿದ್ದು ಅರ್ಥದಲ್ಲಿ ಬೇರೆಯಾದ ಪದಗಳನ್ನು ಭಾಷೆ ಕಲಿಸುವವರು "ಸುಳ್ಳು ಗೆಳೆಯರು" ಎನ್ನುತ್ತಾರೆ. "ಎಂಬರಸೋಸೊ" ಎಂಬ ರೂಪ ಮಾತ್ರ ಮುಜುಗರ ತರುವ ಸಂದರ್ಭ ಎಂಬ ಅರ್ಥದಲ್ಲಿ ಸ್ಪ್ಯಾನಿಷಿನಲ್ಲೂ ಇದೆ. ಆದರೂ ಕಲಿಯುವ ಹಂತದಲ್ಲಿ ಈ ಮನೆತನದ ಪದಗಳನ್ನೆಲ್ಲ ದೂರವಿಡಿ.

5. ತೂಕ ಹೆಚ್ಚಿಸಬೇಕಾದಾಗ ಬಳಸುವ ರೂಪಗಳು

"ಮೆ ದಾ ಬೆರ್ಗ್ವೆನ್ಸಾ" ಎಂಬುದು ಮುಜುಗರಕ್ಕೂ ಸಂಕೋಚಕ್ಕೂ ಸಾಕು. ಸಾಲದ ಪ್ರಸಂಗದಂಥ ತಲೆತಗ್ಗಿಸುವ ನಾಚಿಕೆಗೆ "ಮೆ ಅಬೆರ್ಗ್ವೆನ್ಸೊ ದೆ ಲೊ ಕೆ ಈಸೆ" ಎನ್ನಬೇಕು: ನಾನು ಮಾಡಿದ್ದಕ್ಕೆ ನಾಚುತ್ತೇನೆ. ಇಲ್ಲಿ ಕರ್ತೃ ನಾನೇ ಆಗಿ, ಹೊಣೆಯನ್ನು ಹೊತ್ತುಕೊಂಡಂತಾಗುತ್ತದೆ. "ಎಸ್ತೊಯ್ ಅಬೆರ್ಗೊನ್ಸಾದೊ" ಎಂದು ಗಂಡಸರೂ "ಅಬೆರ್ಗೊನ್ಸಾದಾ" ಎಂದು ಹೆಂಗಸರೂ ಹೇಳಬಹುದು. ನಿನ್ನೆ ಆದದ್ದನ್ನು ಮನೆಗೆ ಬಂದು ವಿವರಿಸುವಾಗ "ಪಸೇ ಮೂಚಾ ಬೆರ್ಗ್ವೆನ್ಸಾ" ಎನ್ನುತ್ತಾರೆ, ಬಹಳ ಮುಜುಗರ ಅನುಭವಿಸಿದೆ ಎಂದು.

"ಬೆರ್ಗೊನ್ಸೋಸೊ" ಎಂಬ ಗುಣವಾಚಕ ನಮ್ಮವರಿಗೆ ಕಷ್ಟವಾಗಬಾರದು. "ಉನಾ ನಿನ್ಯಾ ಬೆರ್ಗೊನ್ಸೋಸಾ" ಎಂದರೆ ನಾಚಿಕೆಯ ಹುಡುಗಿ, "ಉನಾ ಕೊಂದುಕ್ತಾ ಬೆರ್ಗೊನ್ಸೋಸಾ" ಎಂದರೆ ನಾಚಿಕೆಯ ನಡತೆ. ಕನ್ನಡದಲ್ಲೂ "ನಾಚಿಕೆಯ ಹುಡುಗಿ", "ನಾಚಿಕೆಯ ಸಂಗತಿ" ಎಂದು ಒಂದೇ ಪದದಲ್ಲಿ ಎರಡನ್ನೂ ನಾವು ನಡೆಸುತ್ತಿದ್ದೇವೆ.

ಇನ್ನು "ಎಸ್ ಉನಾ ಬೆರ್ಗ್ವೆನ್ಸಾ" ಎಂಬುದನ್ನು ಇಂಗ್ಲಿಷಿನ "ಇಟ್ಸ್ ಅ ಶೇಮ್" ಎಂದು ತಿಳಿದು ಬಳಸಿದರೆ ಅನಾಹುತವಾದೀತು. ಅದರ ಅರ್ಥ "ಇದು ನಾಚಿಕೆಗೇಡು". ಗೆಳತಿ ಊಟಕ್ಕೆ ಬರಲಾಗುವುದಿಲ್ಲವೆಂದು ಹೇಳಿದಾಗ ನೀವು ಹೀಗೆಂದರೆ ಅವಳನ್ನು ಬೈದ ಹಾಗೆ. ಅಲ್ಲಿ ಹೇಳಬೇಕಾದದ್ದು "ಕೆ ಲಾಸ್ತಿಮಾ", ಛೇ ಎಂಥ ಬೇಸರ ಎಂದು. ಎಲ್ಲ ದೇಶಗಳಲ್ಲೂ ನಡೆಯುವ ಮಾತಿದು.

6. ದೇಶ ನೋಡಿ ಪದ ಬದಲಾಯಿಸಿ

"ಬೆರ್ಗ್ವೆನ್ಸಾ" ಎಲ್ಲ ಕಡೆ ಅರ್ಥವಾಗುತ್ತದೆ. ಆದರೆ ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್, ಕೊಲಂಬಿಯಾ, ವೆನೆಜುವೆಲಾಗಳಲ್ಲಿ ಮುಜುಗರ, ಸಂಕೋಚಗಳಿಗೆ ಜನರ ಬಾಯಲ್ಲಿ ಬರುವುದು "ಪೇನಾ". ಅಲ್ಲಿ "ಮೆ ದಾ ಪೇನಾ" ಎಂದರೆ ನನಗೆ ಸಂಕೋಚ. ಸ್ಪೇನ್, ಅರ್ಜೆಂಟೀನಾ, ಚಿಲಿಗಳಲ್ಲಿ ಅದೇ ಮಾತಿಗೆ ಅರ್ಥ "ಅಯ್ಯೋ ಪಾಪ ಎನಿಸುತ್ತದೆ" ಎಂದು. ಅಲ್ಲಿ "ಕೆ ಪೇನಾ" ಎಂದರೆ ಮರುಕ ಅಥವಾ ಬೇಸರ.

ನನಗೆ ಪಾಠ ಹೇಳಿದ ಕೊಲಂಬಿಯಾದ ಅಧ್ಯಾಪಕಿ ಐದು ನಿಮಿಷ ತಡವಾಗಿ ಬಂದ ದಿನವೆಲ್ಲ, ಚೀಲ ಕೆಳಗಿಡುವ ಮುಂಚೆಯೇ, "ಕೆ ಪೇನಾ ಕೊನ್ ಉಸ್ತೆದೆಸ್" ಎನ್ನುತ್ತಿದ್ದರು. ಸ್ಪೇನಿನ ಪಠ್ಯಪುಸ್ತಕ ಓದಿದ್ದ ನಾವು ಅವರ ಮನೆಯಲ್ಲಿ ಏನೋ ದುಃಖ ನಡೆದಿದೆ ಎಂದುಕೊಂಡು ಮೌನವಾಗಿ ಕುಳಿತಿರುತ್ತಿದ್ದೆವು. ಆಕೆ ಕೇಳುತ್ತಿದ್ದದ್ದು ಕ್ಷಮೆ: ನಿಮ್ಮ ಮುಂದೆ ನನಗೆ ಸಂಕೋಚವಾಗುತ್ತಿದೆ ಎಂದು. ಕೊಲಂಬಿಯಾದವರ ಜೊತೆ ವ್ಯವಹರಿಸುವವರು ಈ ಒಂದು ವಾಕ್ಯವನ್ನು ಕಲಿತುಕೊಂಡರೆ ದಿನದಲ್ಲಿ ಹತ್ತು ಸಲ ಉಪಯೋಗಕ್ಕೆ ಬರುತ್ತದೆ. ಒಬ್ಬರನ್ನೇ ಉದ್ದೇಶಿಸಿದರೆ "ಕೆ ಪೇನಾ ಕೊನ್ ಉಸ್ತೆದ್" ಎನ್ನಿ.

ಮೆಕ್ಸಿಕೊ, ಮಧ್ಯ ಅಮೆರಿಕಗಳ ಮನೆಯಲ್ಲಿ ಊಟಕ್ಕೆ ಕುಳಿತಾಗ "ನೋ ತೆಂಗಾ ಪೇನಾ" ಎಂದು ಉಪಚರಿಸುತ್ತಾರೆ. ಅದು ನಮ್ಮ "ಸಂಕೋಚ ಮಾಡಿಕೊಳ್ಳಬೇಡಿ" ಎಂಬ ಮಾತೇ, ಅದೇ ದನಿ, ಅದೇ ಕೈಸನ್ನೆ. ಇಂಗ್ಲಿಷಿನ "ಹೆಲ್ಪ್ ಯುವರ್‌ಸೆಲ್ಫ್" ಎಂಬುದರಲ್ಲಿ ಆ ಬೆಚ್ಚನೆಯ ಒತ್ತಾಯವಿಲ್ಲ ಎಂದು ನನಗನಿಸುತ್ತದೆ. ಮೆಕ್ಸಿಕೊದಲ್ಲಿ "ಪೆನೋಸೊ" ಎಂದರೆ ಸಂಕೋಚ ಸ್ವಭಾವದವನು. ಸ್ಪೇನಿನಲ್ಲಿ ಅದೇ ಪದಕ್ಕೆ ಶೋಚನೀಯ ಎಂಬ ಅರ್ಥವಿರುವುದರಿಂದ ಅಲ್ಲಿ ಯಾರ ಬಗ್ಗೆಯೂ ಬಳಸಬೇಡಿ.

ಆಡುಮಾತಿನಲ್ಲಿ ಇನ್ನೂ ಇವೆ. ಸ್ಪೇನಿನ ತರುಣರು "ಮೆ ದಾ ಕೋರ್ತೆ" ಎನ್ನುತ್ತಾರೆ, ಪೆರುವಿನವರು "ಕೆ ರೋಚೆ", ಚಿಲಿಯವರು "ಕೆ ಪ್ಲಾಂಚಾ", ಮೆಕ್ಸಿಕೊ ಮತ್ತು ಕೊಲಂಬಿಯಾದವರು "ಕೆ ಓಸೊ". "ಓಸೊ" ಎಂದರೆ ಕರಡಿ. ಇವನ್ನು ಕೇಳಿ ಅರ್ಥಮಾಡಿಕೊಂಡರೆ ಸಾಕು, ಬಳಸಲು ಅವಸರಪಡಬೇಡಿ.

7. ನುಡಿಗಟ್ಟುಗಳನ್ನು ಕನ್ನಡದ ಜೋಡಿಯೊಡನೆ ನೆನಪಿಡಿ

ಜಾನಕಿಯನ್ನು ಭೂಮಿ ಬಾಯಿಬಿಟ್ಟು ಒಳಗೆ ಕರೆದುಕೊಂಡ ಕಥೆ ಕೇಳಿ ಬೆಳೆದ ನಾವು, ಸಹಿಸಲಾರದ ಮುಜುಗರವಾದಾಗ "ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ" ಎನ್ನುತ್ತೇವೆ. ಸ್ಪ್ಯಾನಿಷಿನವರು "ತಿಯೆರ್ರಾ, ತ್ರಾಗಮೆ" ಎನ್ನುತ್ತಾರೆ: ಭೂಮಿಯೇ, ನನ್ನನ್ನು ನುಂಗು. ಇಂಗ್ಲಿಷಿನಲ್ಲೂ "ಐ ವಾಂಟೆಡ್ ದ ಗ್ರೌಂಡ್ ಟು ಸ್ವಾಲೋ ಮಿ ಅಪ್" ಎಂದಿದೆ. ಮೂರು ಭಾಷೆಗಳ ಈ ಹೊಂದಿಕೆಯನ್ನು ಮೂರು ಅಂಕಣಗಳಲ್ಲಿ ಅಕ್ಕಪಕ್ಕ ಬರೆದಿಟ್ಟರೆ ಮರೆಯುವುದಿಲ್ಲ.

"ಯಾರಿಗೂ ಮುಖ ತೋರಿಸಲಾರೆ" ಎಂಬುದಕ್ಕೆ "ಸೆ ಮೆ ಕಾಯೆ ಲಾ ಕಾರಾ ದೆ ಬೆರ್ಗ್ವೆನ್ಸಾ": ನಾಚಿಕೆಯಿಂದ ನನಗೆ ಮುಖವೇ ಕಳಚಿ ಬೀಳುತ್ತದೆ. ಇಲ್ಲಿಯೂ "ನನಗೆ" ಇದೆ, ನೋಡಿ. "ಮೆ ಪೂಸೆ ರೋಹೊ" ಎಂದರೆ ಮುಖ ಕೆಂಪೇರಿತು. ಹೆಂಗಸರು "ರೋಹಾ" ಎನ್ನಬೇಕು. ವೇದಿಕೆಯ ಮೇಲೆ ಬೇರೆ ಯಾರೋ ಅಪಸ್ವರದಲ್ಲಿ ಹಾಡುತ್ತಿದ್ದರೆ, ಅವರಿಗೇ ಇಲ್ಲದ ನಾಚಿಕೆ ಕೇಳುತ್ತಿರುವ ನಮಗಾಗುತ್ತದಲ್ಲ, ಅದಕ್ಕೆ "ಬೆರ್ಗ್ವೆನ್ಸಾ ಅಹೇನಾ", ಪರರ ನಾಚಿಕೆ ಎಂದು ಹೆಸರು. ಮೆಕ್ಸಿಕೊದಲ್ಲಿ ಅದು "ಪೇನಾ ಅಹೇನಾ". ಇಂಗ್ಲಿಷಿನಲ್ಲಿ "ಐ ವಾಸ್ ಎಂಬ್ಯಾರಸ್ಡ್ ಫಾರ್ ಹಿಮ್" ಎಂದು "ಫಾರ್" ಸೇರಿಸಿ ಹೇಳಬೇಕು.

"ಸಿನ್‌ಬೆರ್ಗ್ವೆನ್ಸಾ" ಎಂದರೆ ನಾಚಿಕೆ ಇಲ್ಲದವನು, ಮಾನಗೆಟ್ಟವನು. ಬೆರ್ಗ್ವೆನ್ಸಾ ಪದದ ಮೂಲ ಲ್ಯಾಟಿನಿನ "ವೆರೆಕುಂದಿಯಾ", ಹಿರಿಯರ ಎದುರು ಇರಬೇಕಾದ ಗೌರವದ ಅಳುಕು. ಅದು ನಮ್ಮ ಮರ್ಯಾದೆಗೆ ಬಹಳ ಸಮೀಪ. ಹಾಗಾಗಿ ಆ ಬೈಗುಳ "ಮಾನ ಮರ್ಯಾದೆ ಇಲ್ಲದವನು" ಎಂಬಷ್ಟೇ ಬಲವಾಗಿ ತಾಗುತ್ತದೆ. ತುಂಟ ಮೊಮ್ಮಗನನ್ನು ಅಜ್ಜಿ ಮುದ್ದಿನಿಂದ ಹಾಗೆ ಕರೆಯುವುದುಂಟು. ಹೊರಗಿನವರಾದ ನಮಗೆ ಆ ಸಲುಗೆ ಇಲ್ಲ.

8. ಕ್ಷಮೆಯ ಜೊತೆ ಸೇರಿಸಿ ಹೇಳುವಾಗ

ನಾಚಿಕೆಯನ್ನು ಹೇಳಿಕೊಂಡ ಮಾತ್ರಕ್ಕೆ ಕ್ಷಮೆ ಕೇಳಿದಂತಾಗುವುದಿಲ್ಲ. ಸಣ್ಣ ತಪ್ಪಾದರೆ ಇಂಗ್ಲಿಷಿನಲ್ಲಿ "ಸೋ ಸಾರಿ, ದಿಸ್ ಈಸ್ ಎಂಬ್ಯಾರಸಿಂಗ್", ಸ್ಪ್ಯಾನಿಷಿನಲ್ಲಿ "ಪೆರ್ದೋನ್, ಕೆ ಬೆರ್ಗ್ವೆನ್ಸಾ" ಎಂದು ಮುಂದೆ ಸಾಗಿ. ತಪ್ಪು ದೊಡ್ಡದಾದರೆ ಕ್ಷಮೆಯನ್ನು ಮೊದಲು ಹೇಳಿ, ಏನು ತಪ್ಪಾಯಿತೆಂದು ಹೆಸರಿಟ್ಟು ಹೇಳಿ, ಆಮೇಲೆ ನಾಚಿಕೆಯನ್ನು ಹೇಳಿ: "ಲೊ ಸಿಯೆಂತೊ ಮೂಚೊ. ನೋ ತೆ ದೆಬೊಲ್ಬೀ ಎಲ್ ದಿನೇರೊ. ಮೆ ಅಬೆರ್ಗ್ವೆನ್ಸೊ ದೆ ಲೊ ಕೆ ಈಸೆ". ಬಹಳ ಕ್ಷಮಿಸು, ನಿನ್ನ ಹಣವನ್ನು ಹಿಂದಿರುಗಿಸಲಿಲ್ಲ, ಮಾಡಿದ್ದಕ್ಕೆ ನಾಚುತ್ತೇನೆ. ನಾಚಿಕೆಯನ್ನೇ ಮೊದಲಿಟ್ಟು ಅದನ್ನೇ ಉದ್ದಕ್ಕೆ ಎಳೆದರೆ, ನೊಂದವರೇ ನಿಮ್ಮನ್ನು ಸಮಾಧಾನಪಡಿಸಬೇಕಾದ ಸ್ಥಿತಿ ಬರುತ್ತದೆ. ಇದು ಯಾವ ಭಾಷೆಯಲ್ಲೂ ಸರಿಯಲ್ಲ.

ಇಷ್ಟೆಲ್ಲ ಕಲಿತ ಮೇಲೂ ಅವಸರದಲ್ಲಿ "ಎಂಬರಸಾದಾ" ಎಂದು ಬಾಯಿ ತಪ್ಪಿ ಬಂದುಬಿಟ್ಟರೆ ಮಾತನ್ನು ಅರ್ಧಕ್ಕೆ ನಿಲ್ಲಿಸಬೇಡಿ. "ಪೆರ್ದೋನ್, ಕೀಸೆ ದೆಸೀರ್ ಕೆ ಮೆ ದಾ ಬೆರ್ಗ್ವೆನ್ಸಾ" ಎನ್ನಿ: ಕ್ಷಮಿಸಿ, ನನಗೆ ನಾಚಿಕೆಯಾಗುತ್ತಿದೆ ಎಂದು ಹೇಳಬೇಕೆಂದಿದ್ದೆ. ಈ ವಾಕ್ಯವನ್ನು ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆದು, ದಿನಕ್ಕೆ ಮೂರು ಸಲ ಗಟ್ಟಿಯಾಗಿ ಹೇಳಿ ಬಾಯಿಗೆ ಬರಿಸಿಕೊಳ್ಳಿ.